ಮರುಭೂಮಿಯ ಹಕ್ಕಿ ಹಬ್ಬ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮಗಳು ಅಮೆರಿಕದ ಫೀನಿಕ್ಸ್‌ನಲ್ಲಿ ಇದ್ದಾಳೆ. ಅವಳ ನೆಪದಲ್ಲಿ ಎರಡು ಸಲ ಆಗಸ್ಟ್ ತಿಂಗಳಲ್ಲಿ ಅರಿಜೋನಾ ರಾಜ್ಯದ ಟೂಸಾನ್ ಊರಿನ ಹಕ್ಕಿ ಹಬ್ಬಕ್ಕೆ ಹೋಗಿ ಬಂದೆ. ಅಂದಿನಿಂದ ಮದುವೆ ಮನೆಯಲ್ಲಿ, ಎಸ್‌ಟಿ ಸ್ಟ್ಯಾಂಡಿನಲ್ಲಿ, ವಾಟ್ಸಾಪ್‌ನಲ್ಲಿ, ಎಲ್ಲಿ ಸಿಕ್ಕರೂ ಜನ ಅದನ್ನೇ ಕೇಳುತ್ತಾರೆ. ಜತ್ತದಿಂದ ಒಬ್ಬರು ಇನ್‌ಲ್ಯಾಂಡ್ ಲೆಟರ್ ಕೂಡ ಬರೆದಿದ್ದರು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲು ಎಲ್ಲರೂ ಕೇಳುವುದು

"ನಮ್ಮಲ್ಲೇ ಬೇಕಾದಷ್ಟು ಬಿಸಿಲಿದೆ, ಮತ್ತೆ ದುಡ್ಡು ಕೊಟ್ಟು ಮರುಭೂಮಿಗೆ ಯಾಕೆ ಹೋಗೋದು?"

ಇದನ್ನು ಮೊದಲು ಕೇಳಿದವನು ನನ್ನ ತಮ್ಮ. ನಾನು ಅಲ್ಲಿಗೆ ಹೋದದ್ದು ಬಿಸಿಲು ನೋಡೋಕಲ್ಲ, ಮಳೆ ನೋಡೋಕೆ. ಟೂಸಾನ್ ಇರುವುದು ಸೊನೋರಾ ಮರುಭೂಮಿಯಲ್ಲಿ. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೀಳುವುದು ಬೇಸಿಗೆಯ ಮಳೆಗಾಲದಲ್ಲಿ. ಆ ನಾಲ್ಕು ಹನಿಗಾಗಿ ಅಲ್ಲಿನ ಹಕ್ಕಿ, ಕಪ್ಪೆ, ಕಳ್ಳಿ, ಜನ ಎಲ್ಲರೂ ಕಾದು ಕೂತಿರುತ್ತಾರೆ. ಮಿರಗ ಮಳೆಗೆ ಬಾಯಿ ಬಿಟ್ಟು ಕಾಯುವ ನಮಗೆ ಇದು ಅರ್ಥವಾದಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ ಅಂತ ನನ್ನ ಲೆಕ್ಕ.

"ಹಕ್ಕಿ ಹಬ್ಬ ಅಂದ್ರೆ ಜಾತ್ರೆ ಥರಾನಾ?"

ಸೊಲ್ಲಾಪುರದ ಗಡ್ಡಾ ಜಾತ್ರೆಯ ಗದ್ದಲ ನೆನೆಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ತೊಟ್ಟಿಲಿಲ್ಲ, ಮೈಕಿಲ್ಲ. ಬೆಳಗಿನ ಜಾವ ಕತ್ತಲಿದ್ದಾಗಲೇ ವ್ಯಾನುಗಳು ಹೊರಡುತ್ತವೆ. ಒಂದೊಂದು ವ್ಯಾನಿಗೆ ಹಕ್ಕಿ ಬಲ್ಲ ಒಂದಿಬ್ಬರು ಮಾರ್ಗದರ್ಶಕರು. ಕಣಿವೆ, ಹೊಳೆ ದಂಡೆ, ಹುಲ್ಲುಗಾವಲು, ಹೀಗೆ ದಿನಕ್ಕೊಂದು ಕಡೆ. ಬಿಸಿಲೇರುವ ಹೊತ್ತಿಗೆ ವಾಪಸ್ ಬಂದು ಎಸಿ ಹಾಲ್‌ನಲ್ಲಿ ಭಾಷಣ, ಫೋಟೊ ಪಾಠ, ದುರ್ಬೀನು ಮಾರುವವರ ಮಳಿಗೆ. ಸಂಜೆ ಮತ್ತೆ ಹೊರಗೆ, ಗೂಬೆಗೋ ಬಾವಲಿಗೋ.

ಇದರ ಹೆಸರು ಸೌತ್‌ಈಸ್ಟ್ ಅರಿಜೋನಾ ಬರ್ಡಿಂಗ್ ಫೆಸ್ಟಿವಲ್. ನಡೆಸುವುದು ಟೂಸಾನ್ ಬರ್ಡ್ ಅಲಯನ್ಸ್. ಇದು 1949ರಲ್ಲಿ ಹುಟ್ಟಿದ ಸಂಸ್ಥೆ, 2024ರ ತನಕ ಟೂಸಾನ್ ಆಡುಬಾನ್ ಸೊಸೈಟಿ ಅಂತ ಹೆಸರಿತ್ತು. ಅದೇ ಭಾಗದ ಸಿಯೆರಾ ವಿಸ್ಟಾ ಊರಿನಲ್ಲಿ ಸೌತ್‌ವೆಸ್ಟ್ ವಿಂಗ್ಸ್ ಅಂತ ಇನ್ನೊಂದು ಹಬ್ಬ ಇದೆ. ಆ ಊರು ತನ್ನನ್ನು ಅಮೆರಿಕದ ಹಮ್ಮಿಂಗ್‌ಬರ್ಡ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ.

"ಆಗಸ್ಟ್‌ನಲ್ಲೇ ಯಾಕೆ? ಆಗ ಸುಟ್ಟು ಹೋಗಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಸುಡುವುದು ಜೂನ್. ಟೂಸಾನಿನವರು ತಮಗೆ ಐದು ಕಾಲ ಅನ್ನುತ್ತಾರೆ. ಬೇಸಿಗೆಯನ್ನು ಎರಡು ಮಾಡಿ, ಒಣ ಬೇಸಿಗೆ ಒಂದು, ಮಳೆ ಬೇಸಿಗೆ ಒಂದು ಅಂತ ಎಣಿಸುತ್ತಾರೆ. ಮಳೆಗಾಲಕ್ಕೆ ಅವರೂ ಮಾನ್ಸೂನ್ ಅಂತಲೇ ಹೇಳುವುದು. 2008ರಿಂದ ಅಲ್ಲಿನ ಹವಾಮಾನ ಇಲಾಖೆ ಅದಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ತಾರೀಕು ಗೊತ್ತು ಮಾಡಿದೆ. ಅದಕ್ಕೂ ಮೊದಲು ಗಾಳಿಯ ತೇವ ಸತತ ಮೂರು ದಿನ ಒಂದು ಮಟ್ಟ ದಾಟಿದರೆ ಮಾನ್ಸೂನ್ ಬಂತು ಅಂತ ಲೆಕ್ಕ. ಆ ಹಳೇ ಲೆಕ್ಕವೇ ಚೆನ್ನಾಗಿತ್ತು ಅನಿಸುತ್ತದೆ, ತಾರೀಕು ನೋಡಿ ಮಳೆ ಬರುತ್ತದಾ?

ಮುಂಜಾನೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕಟ್ಟುತ್ತದೆ. ಸಂಜೆ ಗುಡುಗು, ಸಿಡಿಲು, ಅರ್ಧ ಗಂಟೆ ಜಡಿಮಳೆ, ಆಮೇಲೆ ಮತ್ತೆ ನಕ್ಷತ್ರ. ಈ ಮಳೆಗೆ ಹುಲ್ಲು ಚಿಗುರಿ, ಹುಳ ಹುಟ್ಟಿ, ಬೀಜ ಕಟ್ಟುತ್ತದೆ. ವಸಂತದಲ್ಲಿ ಸುಮ್ನೆ ಕೂತಿದ್ದ ಬಾಟರೀಸ್ ಸ್ಪ್ಯಾರೋ, ಕ್ಯಾಸಿನ್ಸ್ ಸ್ಪ್ಯಾರೋ ಥರದ ಗುಬ್ಬಿಗಳು ಆಗ ಹಾಡೋಕೆ ಶುರು ಮಾಡುತ್ತವೆ, ಗೂಡು ಕಟ್ಟುತ್ತವೆ. ನಮ್ಮ ಹೊಲಗಳಿಗೆ ಚಾತಕ ಮುಂಗಾರಿನ ಬೆನ್ನಿಗೇ ಬರುತ್ತದಲ್ಲ, ಹಾಗೇ ಅಲ್ಲಿನ ಹಕ್ಕಿಗಳಿಗೂ ಮಳೆಯೇ ಪಂಚಾಂಗ. ಹಬ್ಬದ ತಾರೀಕೂ ಅದೇ ಪಂಚಾಂಗದ್ದು.

## ಹೊರಡುವ ಮುಂಚೆ

"ವೀಸಾ, ವಿಮಾನ, ಬುಕಿಂಗ್ ಹೇಗೆ?"

ಪ್ರವಾಸಿ ವೀಸಾ ಸಾಕು. ಸಂದರ್ಶನಕ್ಕೆ ಸೊಲ್ಲಾಪುರದವರಿಗೆ ಮುಂಬೈ ಅಥವಾ ಹೈದರಾಬಾದ್ ಹತ್ತಿರ. ದಿನಾಂಕ ಬೇಗ ಸಿಗುವುದಿಲ್ಲ, ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ. ವಿಮಾನ ಒಂದೆರಡು ಕಡೆ ಬದಲಿಸಬೇಕು. ಫೀನಿಕ್ಸ್‌ನಲ್ಲಿ ಇಳಿದರೆ ಟೂಸಾನ್ ರಸ್ತೆಯಲ್ಲಿ ಎರಡು ಗಂಟೆ. ವ್ಯಾನ್ ಪ್ರವಾಸಗಳಿಗೆ ಬೇರೆ ಬೇರೆ ದುಡ್ಡು, ಚೆನ್ನಾಗಿರುವವು ಬೇಗ ತುಂಬಿ ಹೋಗುತ್ತವೆ. ಇನ್ನೊಂದು ಮಾತು: ನಮ್ಮ ಗಡಿಯಾರ ಅವರದಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ. ಮೊದಲ ಮೂರು ದಿನ ರಾತ್ರಿ ಎರಡಕ್ಕೇ ಎಚ್ಚರಾಗುತ್ತದೆ. ಹಕ್ಕಿ ನೋಡುವವರಿಗೆ ಅದು ಒಳ್ಳೆಯದೇ.

"ಬಿಸಿಲು ನಮಗೇನು ಮಾಡುತ್ತೆ, ನಾವು ಸೊಲ್ಲಾಪುರದವರಲ್ವಾ?"

ಈ ಜಂಬ ನನಗೂ ಇತ್ತು, ಸಬಿನೋ ಕಣಿವೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಇಳಿದು ಹೋಯಿತು. ಅರ್ಧ ಲೀಟರ್ ಬಾಟಲಿ ಹಿಡಿದು ಹೋಗಿದ್ದೆ. ನಮ್ಮಲ್ಲಿ ಬೆವರು ಸುರಿದರೆ ಬಾಯಾರಿಕೆ ಅಂತ ಗೊತ್ತಾಗುತ್ತದೆ. ಅಲ್ಲಿ ಒಣ ಗಾಳಿಗೆ ಬೆವರು ಬಂದದ್ದೇ ಕಾಣುವುದಿಲ್ಲ, ಬಂದ ಹಾಗೇ ಆರಿ ಹೋಗುತ್ತದೆ. ಅಂಗಿ ಒಣಗಿಯೇ ಇತ್ತು, ತಲೆ ಮಾತ್ರ ತಿರುಗಿತು. ಒಬ್ಬ ಅಜ್ಜಿ ತನ್ನ ನೀರು ಕೊಟ್ಟು, ಉಪ್ಪಿನ ಬಿಸ್ಕತ್ತು ತಿನ್ನಿಸಿ, ನೆರಳಲ್ಲಿ ಕೂರಿಸಿದಳು. ಮರುದಿನದಿಂದ ಮೂರು ಲೀಟರ್, ಅಗಲ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ. ಆಗಸ್ಟ್‌ನಲ್ಲೂ ಮಧ್ಯಾಹ್ನ 38 ಡಿಗ್ರಿಯ ಆಸುಪಾಸು ಇರುತ್ತದೆ, ಮರೆಯಬೇಡಿ.

"ಹಾವು, ಚೇಳು ಜಾಸ್ತಿಯಂತೆ?"

ಇವೆ. ಬಾಲದಲ್ಲಿ ಗಿಲಕಿ ಆಡಿಸುವ ರ‍್ಯಾಟಲ್ ಹಾವುಗಳೇ ಅರಿಜೋನಾದಲ್ಲಿ 13 ಜಾತಿ. ಆದರೆ ಕಬ್ಬಿನ ಗದ್ದೆಯಲ್ಲಿ, ಕಲ್ಲಿನ ಸಂದಿಯಲ್ಲಿ ಕಾಲಿಡುವಾಗ ನೋಡಿ ಇಡುವ ಅಭ್ಯಾಸ ನಮಗಿದೆ. ಅಷ್ಟೇ ಸಾಕು. ನನಗೆ ತೊಂದರೆ ಕೊಟ್ಟದ್ದು ಚೋಯಾ ಅನ್ನುವ ಕಳ್ಳಿ. ಮೈ ತಾಗಿದರೆ ಒಂದು ತುಂಡು ಕಿತ್ತುಕೊಂಡು ಬಂದು ಅಂಟುತ್ತದೆ. ಕೈಯಿಂದ ಕೀಳಲು ಹೋದೆ, ಕೈಗೂ ಅಂಟಿತು. ಅಲ್ಲಿನವರು ಜೇಬಿನಲ್ಲಿ ಹಣಿಗೆ ಇಟ್ಟುಕೊಳ್ಳುವುದು ತಲೆ ಬಾಚೋಕೆ ಅಲ್ಲ, ಚೋಯಾ ಕೀಳೋಕೆ!

ನಿಜವಾಗಿ ಹೆದರಬೇಕಾದದ್ದು ನೀರಿಗೆ. ಒಣಗಿದ ಹಳ್ಳಗಳಿಗೆ ಅಲ್ಲಿ ವಾಶ್ ಅನ್ನುತ್ತಾರೆ. ದೂರದ ಬೆಟ್ಟದಲ್ಲಿ ಮಳೆಯಾದರೆ ನೀವು ನಿಂತ ಕಡೆ ಬಿಸಿಲಿರುವಾಗಲೇ ಹಳ್ಳ ತುಂಬಿ ಬರುತ್ತದೆ. ಅಡ್ಡ ಇಟ್ಟ ಬೇಲಿ ದಾಟಿ ಕಾರು ಇಳಿಸಿ ಸಿಕ್ಕಿಕೊಂಡವರಿಂದ ಬಿಡಿಸಿದ ಖರ್ಚು ವಸೂಲಿ ಮಾಡುವ ಕಾನೂನೇ ಅರಿಜೋನಾದಲ್ಲಿದೆ. ಜನ ಅದಕ್ಕೆ ಇಟ್ಟ ಹೆಸರು 'ಸ್ಟುಪಿಡ್ ಮೋಟರಿಸ್ಟ್ ಲಾ', ಅಂದರೆ ಪೆದ್ದ ಚಾಲಕರ ಕಾಯ್ದೆ. ನಮ್ಮಲ್ಲೂ ಮಳೆಗಾಲದಲ್ಲಿ ಸೇತುವೆ ಮೇಲೆ ನೀರಿದ್ದರೂ ಬೈಕ್ ನುಗ್ಗಿಸುವವರಿಗೆ ಇದು ಬೇಕಿತ್ತು.

"ಶಾಕಾಹಾರಿಗಳು ಏನು ತಿನ್ನೋದು?"

ಚಿಂತೆ ಬೇಡ. ಮೆಕ್ಸಿಕೋ ಗಡಿ ಹತ್ತಿರ, ಹಾಗಾಗಿ ಜೋಳದ ರೊಟ್ಟಿಯ ತಂಗಿಯಂಥ ಮೆಕ್ಕೆಜೋಳದ ಟೋರ್ಟಿಯಾ, ಕಾಳಿನ ಪಲ್ಯ, ಮೆಣಸಿನಕಾಯಿ ಚಟ್ನಿ ಎಲ್ಲಾ ಕಡೆ ಸಿಗುತ್ತದೆ. ಒಂದೇ ಎಚ್ಚರ: ಅರೆದ ಕಾಳನ್ನು ಕೆಲವರು ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಕೇಳಿಯೇ ತಿನ್ನಿ. ಟೂಸಾನ್‌ಗೆ 2015ರಲ್ಲಿ ಯುನೆಸ್ಕೊದ ಆಹಾರ ನಗರಿ ಅನ್ನುವ ಗೌರವ ಸಿಕ್ಕಿದೆ, ಅಮೆರಿಕದಲ್ಲಿ ಅದು ಸಿಕ್ಕ ಮೊದಲ ಊರು ಅದೇ. ಆದರೂ ನಾನು ಶೇಂಗಾ ಚಟ್ನಿಪುಡಿ ಒಯ್ದಿದ್ದೆ, ಸುಳ್ಳು ಯಾಕೆ ಹೇಳಲಿ.

"ದುರ್ಬೀನು ಯಾವುದು ತಗೊಳ್ಳಲಿ?"

8x42 ಅಂತ ಬರೆದಿರುವುದು. ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹೆಚ್ಚು ಪಟ್ಟು ಇದ್ದರೆ ಒಳ್ಳೇದು ಅಂತ 20 ಪಟ್ಟಿನದು ತಂದವರ ಕೈ ನಡುಗಿ ಹಕ್ಕಿ ಬದಲು ಭೂಕಂಪ ಕಾಣುತ್ತದೆ. ಮೊಬೈಲಿಗೆ ಹಕ್ಕಿ ಗುರುತಿಸುವ ಮರ್ಲಿನ್ ಆಪ್ ಹಾಕಿಕೊಳ್ಳಿ, ಪುಕ್ಕಟೆ. ಅಲ್ಲಿನ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡು ಹೋಗಿ, ಕಣಿವೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

"ಪಾಸ್‌ಪೋರ್ಟ್ ಹಿಡ್ಕೊಂಡೇ ಓಡಾಡಬೇಕಾ?"

ಹೌದು, ಹಕ್ಕಿ ನೋಡಲು ಹೋದಾಗಲೂ. ಗಡಿ ಪೊಲೀಸರು ದೇಶದ ಒಳಗಿನ ಹೆದ್ದಾರಿಯಲ್ಲೂ ಗಾಡಿ ನಿಲ್ಲಿಸಿ ಕೇಳುತ್ತಾರೆ. ನಮ್ಮ ಗಡಿಯಲ್ಲಿ ಬದಲಾಗುವುದು ಬಸ್ಸಿನ ಬಣ್ಣ, ಬೋರ್ಡಿನ ಲಿಪಿ ಅಷ್ಟೇ. ಅಲ್ಲಿಯದು ಬೇರೆ ಥರದ ಗಡಿ, ಕಬ್ಬಿಣದ ಗೋಡೆ ಇದೆ.

## ಹಕ್ಕಿಗಳ ವಿಷಯ

"ಹಮ್ಮಿಂಗ್‌ಬರ್ಡ್ ಅಂದ್ರೆ ನಮ್ಮ ದಾಸವಾಳಕ್ಕೆ ಬರೋ ಸೂರಕ್ಕಿನೇ ಅಲ್ವಾ?"

ಅಲ್ಲ, ಸಂಬಂಧವೇ ಇಲ್ಲ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, 350ಕ್ಕೂ ಹೆಚ್ಚು ಜಾತಿ. ಇಬ್ಬರೂ ಹೂವಿನ ರಸ ಕುಡಿಯುವವರು, ಅದಕ್ಕೇ ಕೊಕ್ಕು ಒಂದೇ ಥರ ಕಾಣುತ್ತದೆ. ನಮ್ಮ ಸೂರಕ್ಕಿ ಹೆಚ್ಚಾಗಿ ಟೊಂಗೆಯ ಮೇಲೆ ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ, ಬೇಕಾದರೆ ಹಿಂದಕ್ಕೂ ಹಾರುತ್ತದೆ.

ಅರಿಜೋನಾದ ಆ ಮೂಲೆಯಲ್ಲಿ ಹದಿನೈದರಷ್ಟು ಜಾತಿ ಸಿಗುತ್ತವೆ. ಆಗಸ್ಟ್‌ನಲ್ಲಿ ಇನ್ನೂ ಮಜಾ. ಅಲಾಸ್ಕಾದ ತನಕ ಹೋಗಿ ಮರಿ ಮಾಡಿದ ರೂಫಸ್ ಹಮ್ಮಿಂಗ್‌ಬರ್ಡ್ ಮೆಕ್ಸಿಕೋಗೆ ವಾಪಸ್ ಹೋಗುವ ದಾರಿ ಅದೇ. ತೂಕ ಒಂದು ರೂಪಾಯಿ ನಾಣ್ಯದಷ್ಟು, ಜಗಳ ಮಾತ್ರ ಹೋರಿಯಷ್ಟು. ಸಕ್ಕರೆ ನೀರಿನ ಬಟ್ಟಲಿಗೆ ಬೇರೆ ಯಾರನ್ನೂ ಬಿಡುವುದಿಲ್ಲ. ಆ ನೀರೂ ಸರಳ: ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು, ಬಣ್ಣ ಹಾಕಬಾರದು.

ಪ್ಯಾಟಗೋನಿಯಾ ಅನ್ನುವ ಸಣ್ಣ ಊರಿನಲ್ಲಿ ಪೇಟನ್ ದಂಪತಿ ತಮ್ಮ ಹಿತ್ತಲನ್ನು ಹಕ್ಕಿ ನೋಡುವವರಿಗೆ ತೆರೆದಿಟ್ಟಿದ್ದರು. ಬಂದವರಿಗೆ ಕೂರಲು ಬೆಂಚು, ಸಕ್ಕರೆ ಖರ್ಚಿಗೆ ಒಂದು ಡಬ್ಬಿ, ಅಷ್ಟೇ. ಅವರ ನಂತರ 2014ರಲ್ಲಿ ಹಬ್ಬ ನಡೆಸುವ ಟೂಸಾನಿನ ಆ ಸಂಸ್ಥೆಯೇ ಅದನ್ನು ಕೊಂಡು ಹಾಗೇ ಉಳಿಸಿದೆ. ನೆತ್ತಿ ನೇರಳೆ, ಹೊಟ್ಟೆ ಬಿಳಿ ಇರುವ ವಯಲೆಟ್‌ಕ್ರೌನ್ಡ್ ಹಮ್ಮಿಂಗ್‌ಬರ್ಡ್ ನೋಡಲು ಜನ ಅಲ್ಲಿಗೇ ಹೋಗುತ್ತಾರೆ. ಇಡೀ ಹಬ್ಬದಲ್ಲಿ ನನಗೆ ಹಿಡಿಸಿದ ಜಾಗ ಆ ಹಿತ್ತಲೇ. ನಡೆಯುವುದು ಬೇಡ, ಹತ್ತುವುದು ಬೇಡ, ಕಟ್ಟೆ ಮೇಲೆ ಕೂತ ಹಾಗೆ ಕೂತರೆ ಆಯಿತು.

"ಕಾರ್ಟೂನಿನಲ್ಲಿ ಓಡೋ ಆ ಹಕ್ಕಿ ನಿಜವಾಗಲೂ ಇದೆಯಾ?"

ರೋಡ್‌ರನ್ನರ್ ಇದೆ. ಕೋಗಿಲೆ ಕುಟುಂಬದ್ದು, ನಮ್ಮ ಕೆಂಬೂತದ ದೂರದ ನೆಂಟ. ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಹಲ್ಲಿ, ಓತಿ, ಸಣ್ಣ ಹಾವು ಹಿಡಿದು ನೆಲಕ್ಕೆ ಬಡಿದು ತಿನ್ನುತ್ತದೆ. ನಾನು ಮೊದಲು ಕಂಡದ್ದು ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ.

"ದೊಡ್ಡ ಕಳ್ಳಿಯೊಳಗೆ ಗೂಬೆ ಮನೆ ಮಾಡುತ್ತಂತೆ, ಹೌದಾ?"

ಹೌದು. ಆ ಕಳ್ಳಿಗೆ ಸವಾರೋ ಅಂತ ಹೆಸರು. 12 ಮೀಟರ್ ದಾಟಿ ಬೆಳೆಯುತ್ತದೆ, 150 ವರ್ಷಕ್ಕೂ ಹೆಚ್ಚು ಬದುಕುತ್ತದೆ, ಮೊದಲ ತೋಳು ಮೂಡಲೇ 50 ವರ್ಷದ ಮೇಲೆ ಬೇಕು. ನಮ್ಮಜ್ಜ ಹುಟ್ಟಿದಾಗ ಮೊಳೆತ ಗಿಡಕ್ಕೆ ನಾನು ನೌಕರಿಗೆ ಸೇರುವಾಗ ತೋಳು ಬಂದಿರಬಹುದು. ಗೀಲಾ ಮರಕುಟಿಗ ಅದರಲ್ಲಿ ತೂತು ಕೊರೆಯುತ್ತದೆ, ಆದರೆ ತಕ್ಷಣ ಒಳಗೆ ಹೋಗುವುದಿಲ್ಲ. ಕಳ್ಳಿ ತನ್ನ ಗಾಯವನ್ನು ತಾನೇ ಗಟ್ಟಿ ಪದರದಿಂದ ಮುಚ್ಚಿಕೊಳ್ಳಲು ತಿಂಗಳುಗಳು ಬೇಕು. ಆಮೇಲೆ ಅದು ತಂಪಾದ, ಒಣಗಿದ ಕೋಣೆ. ಮರಕುಟಿಗ ಬಿಟ್ಟ ಮೇಲೆ ಎಲ್ಫ್ ಗೂಬೆ ಸೇರಿಕೊಳ್ಳುತ್ತದೆ. ತೂಕದಲ್ಲಿ ಜಗತ್ತಿನ ಅತಿ ಸಣ್ಣ ಗೂಬೆ ಅದು, ಸುಮಾರು 40 ಗ್ರಾಂ. ಒಂದು ಕೋಳಿಮೊಟ್ಟೆ ಅದಕ್ಕಿಂತ ಭಾರ.

ಅಲ್ಲಿನ ಮೂಲನಿವಾಸಿ ಟೊಹೋನೊ ಓಡಮ್ ಜನ ಜೂನ್ ಕೊನೆಗೆ ಸವಾರೋ ಹಣ್ಣು ಉದುರಿಸಿ, ರಸ ಕಾಯಿಸಿ, ಮದ್ಯ ಮಾಡಿ ಮಳೆಯನ್ನು ಕರೆಯುತ್ತಾರೆ. ಅವರ ಹೊಸ ವರ್ಷವೂ ಆಗಲೇ. ನಮ್ಮ ಊರುಗಳಲ್ಲಿ ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹೊಯ್ಯಿಸಿಕೊಳ್ಳುವುದು ನೆನಪಾಯಿತು.

"ಮರುಭೂಮಿ ಅಂತೀರಿ, ಫೋಟೊದಲ್ಲಿ ಪೈನ್ ಕಾಡಿದೆಯಲ್ಲ?"

ಎರಡೂ ನಿಜ. ಟೂಸಾನ್ ಊರು 730 ಮೀಟರ್ ಎತ್ತರದಲ್ಲಿದೆ. ಪಕ್ಕದ ಮೌಂಟ್ ಲೆಮನ್ 2,791 ಮೀಟರ್. ಸುಮಾರು ಒಂದು ಗಂಟೆ ಕಾರಿನಲ್ಲಿ ಹತ್ತಿದರೆ ಕಳ್ಳಿ ಹೋಗಿ ಹುಲ್ಲು, ಹುಲ್ಲು ಹೋಗಿ ಓಕ್, ಓಕ್ ಹೋಗಿ ಪೈನ್. ಕೆಳಗೆ ಬೆವರಿದವನು ಮೇಲೆ ಸ್ವೆಟರ್ ಹುಡುಕುತ್ತಾನೆ. ಇಂಥ ಬೆಟ್ಟಗಳು ಒಣ ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಎದ್ದು ನಿಂತಿವೆ, ಸಾಂತಾ ಕ್ಯಾಟಲಿನಾ, ಸಾಂತಾ ರೀಟಾ, ವಾಚುಕಾ, ಚಿರಿಕಾವಾ. ಅವಕ್ಕೆ ಆಕಾಶ ದ್ವೀಪಗಳು ಅನ್ನುತ್ತಾರೆ. ಮೆಕ್ಸಿಕೋದ ಬೆಟ್ಟದ ಹಕ್ಕಿಗಳು ಈ ದ್ವೀಪಗಳ ತನಕ ಬಂದು ನಿಲ್ಲುತ್ತವೆ, ಅದಕ್ಕೇ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜಾತಿ.

"ಟ್ರೋಗನ್ ನಮ್ಮ ಘಟ್ಟದಲ್ಲೂ ಇದೆ, ಅದನ್ನ ನೋಡೋಕೆ ಅಷ್ಟು ದೂರ ಯಾಕೆ?"

ಇದನ್ನು ಕೇಳಿದವರು ಕಾಸರಗೋಡಿನ ಒಬ್ಬ ಸ್ನೇಹಿತರು, ಅವರು ಕೇಳಬಹುದು. ಸಹ್ಯಾದ್ರಿಯ ಕಾಕರಣೆ ಹಕ್ಕಿ ಮತ್ತು ಅರಿಜೋನಾದ ಎಲಿಗೆಂಟ್ ಟ್ರೋಗನ್ ಒಂದೇ ಕುಟುಂಬದವು. ಗಂಡಿಗೆ ಕೆಂಪು ಹೊಟ್ಟೆ, ಎದೆಗೆ ಅಡ್ಡ ಬಿಳಿ ಪಟ್ಟಿ. ನಮ್ಮದರ ತಲೆ ಕಪ್ಪು, ಬೆನ್ನು ಕಂದು. ಅಲ್ಲಿಯದರ ಬೆನ್ನು ಹೊಳೆಯುವ ಹಸಿರು. ಮಡೆರಾ ಕಣಿವೆಯಲ್ಲಿ ಅದು ನಾಯಿಮರಿ ಬೊಗಳಿದ ಹಾಗೆ ಕೂಗಿತು, ಕಂಡದ್ದು ಅರ್ಧ ನಿಮಿಷ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬಹುದಲ್ಲ ಅಂತ ನಮ್ಮ ವ್ಯಾನಿನಲ್ಲಿ ಒಬ್ಬರು ಕೇಳಿದರು. ಮಾರ್ಗದರ್ಶಕಿ ಆಗಲ್ಲ ಅಂದುಬಿಟ್ಟಳು. ಹಕ್ಕಿ ಇನ್ನೊಂದು ಗಂಡು ಬಂತು ಅಂತ ಹೆದರಿ ಮರಿಗೆ ಉಣಿಸುವುದು ಬಿಟ್ಟು ಓಡಾಡುತ್ತದೆ. ನಮ್ಮಲ್ಲಿ ಫೋಟೊಗಾಗಿ ಇದನ್ನು ದಿನಾ ಮಾಡುವವರಿದ್ದಾರೆ, ನನಗದು ಸೇರುವುದಿಲ್ಲ.

## ಸ್ವಲ್ಪ ಒಳಗೆ ಹೋದರೆ

"ಮಳೆ ಬಂದ ರಾತ್ರಿ ಏನಾಗುತ್ತೆ, ಸ್ವಲ್ಪ ಹೇಳಿ."

ಮೊದಲು ವಾಸನೆ. ಕ್ರಿಯೋಸೋಟ್ ಅನ್ನುವ ಪೊದೆಯ ಎಲೆಯಲ್ಲಿ ಅಂಟು ಇರುತ್ತದೆ, ತೇವ ತಾಗಿದ ಕೂಡಲೇ ಊರೆಲ್ಲ ಅದರದ್ದೇ ಘಮ. ನಮ್ಮ ಎರೆ ಮಣ್ಣಿನ ವಾಸನೆಯಂತಲ್ಲ, ಸ್ವಲ್ಪ ಔಷಧಿ ಅಂಗಡಿಯಂತೆ. ಅಲ್ಲಿನವರಿಗೆ ಮಾತ್ರ ಅದು ಜಗತ್ತಿನ ಅತಿ ಒಳ್ಳೆಯ ವಾಸನೆ.

ಆಮೇಲೆ ಕಪ್ಪೆ. ಸ್ಪೇಡ್‌ಫುಟ್ ಅನ್ನುವ ಕಪ್ಪೆಗಳು ವರ್ಷದ ಹೆಚ್ಚು ಕಾಲ ನೆಲದಡಿಯಲ್ಲೇ ಇರುತ್ತವೆ. ಹಿಂಗಾಲಿನಲ್ಲಿ ಸಣ್ಣ ಗುದ್ದಲಿಯಂಥ ಉಗುರು, ಅದರಿಂದಲೇ ಹಿಂದೆ ಹಿಂದೆ ಸರಿಯುತ್ತ ನೆಲ ತೋಡಿ ಒಳಗೆ ಹೋಗುತ್ತವೆ. ಗುಡುಗಿನ, ಮಳೆಯ ಅದುರಾಟ ನೆಲಕ್ಕೆ ತಾಗಿದಾಗ ಮೇಲೆ ಬರುತ್ತವೆ. ಅದೇ ರಾತ್ರಿ ಕೂಗು, ಅದೇ ರಾತ್ರಿ ಮೊಟ್ಟೆ. ಗುಂಡಿಯ ನೀರು ಆರುವುದರೊಳಗೆ ಮರಿ ಕಪ್ಪೆಯಾಗಬೇಕು, ಕೌಚ್ಸ್ ಸ್ಪೇಡ್‌ಫುಟ್‌ನ ಗೊದಮೊಟ್ಟೆ ಹತ್ತು ದಿನದೊಳಗೆ ಕಾಲು ಮೂಡಿಸಿಕೊಂಡು ಹೊರಬರಬಲ್ಲದು. ಹಕ್ಕಿ ಹಬ್ಬಕ್ಕೆ ಹೋಗಿ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಹೋಟೆಲಿನ ಹಿಂದಿನ ರಾಡಿ ಗುಂಡಿಯನ್ನು. ಕುರಿ ಅರಚಿದ ಹಾಗೆ ಸದ್ದು.

"ನಮ್ಮ ಬಳ್ಳಾರಿ ಜಾಲಿ ಅಲ್ಲಿಯದಂತೆ? ಹಾಗಾದ್ರೆ ಅಲ್ಲಿ ಬರೀ ಜಾಲಿನಾ?"

ಈ ಪ್ರಶ್ನೆ ಕೇಳಿದ ಜತ್ತದ ರೈತರಿಗೆ ನಾನು ಎರಡು ಪುಟ ಉತ್ತರ ಬರೆದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದ ಮರ, 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಅದರ ಹತ್ತಿರದ ಬಂಧು ಮೆಸ್ಕೀಟ್ ಟೂಸಾನಿನ ಸುತ್ತ ಎಲ್ಲೆಲ್ಲೂ ಇದೆ. ನಮ್ಮಲ್ಲಿ ಬಳ್ಳಾರಿ ಜಾಲಿ ಹುಲ್ಲುಗಾವಲು ನುಂಗುವ ಪೀಡೆ. ಅಲ್ಲಿ ಮೆಸ್ಕೀಟ್ ಕಾಯಿ ಬೀಸಿ ಹಿಟ್ಟು ಮಾಡಿ ಪ್ಯಾಕೆಟಿನಲ್ಲಿ ಮಾರುತ್ತಾರೆ, ನೆರಳಿಗೆ ನೆಡುತ್ತಾರೆ, ಸಾನ್ ಪೆಡ್ರೋ ಹೊಳೆ ದಂಡೆಯ ಮೆಸ್ಕೀಟ್ ತೋಪಿನಲ್ಲಿ ಹಕ್ಕಿ ನೋಡಲು ಜನ ಸಾಲು ನಿಲ್ಲುತ್ತಾರೆ. ಲ್ಯೂಸೀಸ್ ವಾರ್ಬ್ಲರ್ ಅನ್ನುವ ಹೆಬ್ಬೆರಳಿನಷ್ಟು ಹಕ್ಕಿ ಅದರ ಪೊಟರೆಯಲ್ಲಿ ಗೂಡು ಮಾಡುತ್ತದೆ.

ಈಗ ಉಲ್ಟಾ ಕೇಳಿ. ಒಂದು ಬೆಳಗ್ಗೆ ಗುಡ್ಡದ ಮೇಲೆ ಹತ್ತಾರು ಜನ ಗುದ್ದಲಿ ಹಿಡಿದು ಹುಲ್ಲು ಅಗೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮ ಅಂಜನ ಹುಲ್ಲು! ನಾವು ದನಕ್ಕೆ ಒಳ್ಳೆ ಮೇವು ಅಂತ ಬಿತ್ತುವ ಅದೇ ಜಾತಿ. ಅಲ್ಲಿ ಬಫೆಲ್ ಹುಲ್ಲು ಅನ್ನುತ್ತಾರೆ. ಕಳೆದ ಶತಮಾನದಲ್ಲಿ ಆಫ್ರಿಕಾದಿಂದ ಮೇವಿಗಾಗಿ, ಮಣ್ಣು ಹಿಡಿಯಲಿಕ್ಕಾಗಿ ತಂದದ್ದು. ಸೊನೋರಾ ಮರುಭೂಮಿಯಲ್ಲಿ ಗಿಡದಿಂದ ಗಿಡಕ್ಕೆ ಖಾಲಿ ನೆಲ ಇರುತ್ತಿತ್ತು, ಬೆಂಕಿ ಬಿದ್ದರೂ ಹರಡುತ್ತಿರಲಿಲ್ಲ. ಈ ಹುಲ್ಲು ಆ ಖಾಲಿ ಜಾಗ ತುಂಬಿತು. ಈಗ ಬೆಂಕಿಗೆ ದಾರಿಯಾಯಿತು. ಬೆಂಕಿ ನೋಡಿಯೇ ಗೊತ್ತಿಲ್ಲದ ಸವಾರೋ ಕಳ್ಳಿಗಳು ಬೆಂದು ಸಾಯುತ್ತವೆ, ಹುಲ್ಲು ಮಾತ್ರ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅವರ ಮರ ನಮ್ಮ ಹುಲ್ಲುಗಾವಲಿಗೆ ಶತ್ರು, ನಮ್ಮ ಹುಲ್ಲು ಅವರ ಮರುಭೂಮಿಗೆ. ನಾನೂ ಒಂದು ಗುದ್ದಲಿ ಇಸಕೊಂಡು ಅರ್ಧ ಗಂಟೆ ಅಗೆದೆ. ಮೇವಿನ ಹುಲ್ಲನ್ನು ಬೇರು ಸಮೇತ ಕಿತ್ತು ಎಸೆಯುವಾಗ ಕೈ ಹಿಂಜರಿಯಿತು, ಬರಗಾಲ ನೋಡಿದ ಕೈ ಅಲ್ವಾ.

"ನಮ್ಮ ಎರೆಭೂತಕ್ಕೂ ಹೀಗೊಂದು ಹಬ್ಬ ಮಾಡಬಾರದಾ?"

ಎರೆಭೂತ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಹಕ್ಕಿ, ಅದಕ್ಕೆ ಬೇಡ. ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ 1979ರಲ್ಲೇ ಅದಕ್ಕಾಗಿ ಅಭಯಾರಣ್ಯ ಆಗಿದೆ. ಮರಾಠಿಯಲ್ಲಿ ಮಾಳಢೋಕ್ ಅನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಜೋಳದ ಹೊಲದ ಅಂಚಿನಲ್ಲಿ ಕಂಡ ನೆನಪಿದೆ, ಈಗ ಅಲ್ಲಿ ಒಂದು ಕಂಡರೂ ಪೇಪರಿನಲ್ಲಿ ಬರುತ್ತದೆ. ದೇಶದಲ್ಲೆಲ್ಲ ಸೇರಿ 200ಕ್ಕೂ ಕಡಿಮೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಅದು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಹೆಚ್ಚಾಗಿ ಮಳೆಗಾಲದಲ್ಲೇ. ಆ ಹೊತ್ತಿಗೆ ಜೀಪು ತುಂಬಾ ಜನ ಹೋದರೆ ಉಳಿದದ್ದೂ ಹೋಗುತ್ತದೆ.

ಬೇರೆ ಹಕ್ಕಿಗಳಿಗೆ ಮಾಡಬಹುದು. ಮಿರಗ ಬಿದ್ದು ಹುಲ್ಲು ಬೆರಳುದ್ದ ಆದಾಗ ನೆಲಗುಬ್ಬಿ ಮೇಲಕ್ಕೆ ಏರಿ ಹಾಡುತ್ತ ಕಲ್ಲಿನಂತೆ ಬೀಳುತ್ತದೆ, ಲಾವಕ್ಕಿ ಬದುವಿನಲ್ಲಿ ಕೂಗುತ್ತದೆ, ಚಿಗರಿ ಮರಿ ಹಾಕಿರುತ್ತದೆ. ವ್ಯಾನು ಬೇಡ, ಹಾಲ್ ಬೇಡ. ಹೊಲದ ಮಾಲೀಕರನ್ನು ಕೇಳಿ, ಬೆಳಗ್ಗೆ ಆರಕ್ಕೆ ಬದುವಿನ ಮೇಲೆ ಕೂತು, ಕಂಡದ್ದನ್ನು ಇ-ಬರ್ಡ್ ಅನ್ನುವ ಹಕ್ಕಿ ಲೆಕ್ಕದ ಜಾಲತಾಣದಲ್ಲಿ ಹಾಕಿದರೆ ಸಾಕು. ಕಳೆದ ವರ್ಷ ನಾವು ಏಳು ಜನ ಹಾಗೆ ಕೂತಿದ್ದೆವು, ಇಬ್ಬರು ಶಾಲೆ ಹುಡುಗರು ಸೇರಿ. ಎರಡು ದುರ್ಬೀನು, ಒಂದು ಫ್ಲಾಸ್ಕ್ ಚಹಾ. 19 ಜಾತಿ ಸಿಕ್ಕವು. 20ನೆಯದು ಪಿಪಿಟ್ ಅಂತ ನಾನು, ಅಲ್ಲ ಸರ್ ನೆಲಗುಬ್ಬಿಯ ಹೆಣ್ಣು ಅಂತ ಆ ಹುಡುಗರಲ್ಲಿ ಒಬ್ಬ. ಈ ಜೂನ್‌ನಲ್ಲಿ ಮತ್ತೆ ಅಲ್ಲೇ ಕೂರೋಣ ಅಂದಿದ್ದಾನೆ.